ಮಡಚಿದವರ ಸಹಿ

ಅರಸೀಕೆರೆ ತೆಂಗಿನಕಾಯಿ ಮಂಡಿಯ ಹಿಂಬದಿ
ಲಾರಿಗಳ ಟಾರ್ಪಾಲು ಹೊಲಿಯುತ್ತೇನೆ ಈಗ.
ಸೂಜಿ ದಬ್ಬಣವಾಗಿದೆ, ನೂಲು ಹುರಿಯಾಗಿದೆ,
ಕಣ್ಣಿಗೆ ಕನ್ನಡಕ ಬಂದಿದೆ.
ಕೈ ಮಾತ್ರ ಹಳೆಯದು.

ವಿಮಾನ ಹಾರಿಸುತ್ತೇನೆಂದು ಹೊರಟವನು ನಾನು.
ಅಪ್ಪನ ಹೊಲಿಗೆ ಯಂತ್ರದ ಕಟಕಟಕ್ಕೆ ಬೇಸತ್ತು
ಹದಿನೆಂಟಕ್ಕೆ ರೈಲು ಹತ್ತಿ, ಎದೆ ಅಳೆಸಿಕೊಂಡು
ವಾಯುಪಡೆಗೆ ಸೇರಿದೆ. ಕಾಗದ ನೋಡಿ ಯಾರೋ ಕೇಳಿದರು:
ಮನೆ ಕಸುಬೇನು?
ದರ್ಜಿ ಎಂದೆ. ಅಷ್ಟೇ ತಪ್ಪು.
ಬೀದರಿನ ಕೆಂಪು ನೆಲದಲ್ಲಿ
ಹುಡುಗರಿಗೆ ಆಕಾಶ ಕಲಿಸುವ ನೆಲೆಯಲ್ಲಿ
ನನಗೆ ಸಿಕ್ಕಿದ್ದು ಮಾರುಗಟ್ಟಲೆ ಉದ್ದದ ಮೇಜು,
ಅದರ ತುದಿಗೊಂದು ಹೊಲಿಗೆ ಯಂತ್ರ.
ಅಪ್ಪನಿಗೆ ಆರು ತಿಂಗಳು ಕಾಗದ ಬರೆಯಲಿಲ್ಲ.

ಪ್ಯಾರಾಚೂಟು ಮಡಚುವುದೆಂದರೆ ಸೀರೆ ಮಡಚಿದಂತಲ್ಲ.
ಗೋಪುರದಲ್ಲಿ ತೂಗುಬಿಟ್ಟು
ಬಾಣಂತಿಯ ಕೂದಲು ಆರಿಸಿದ ಹಾಗೆ ಆರಿಸಬೇಕು.
ಹಗ್ಗ ಎಣಿಸಬೇಕು: ಎಡಕ್ಕೆ ಹನ್ನೆರಡು, ಬಲಕ್ಕೆ ಹನ್ನೆರಡು,
ಒಂದು ಇನ್ನೊಂದರ ಹೆಗಲ ಮೇಲೆ ಕೈ ಹಾಕಬಾರದು.
ಮುಚ್ಚುವ ಮುಂಚೆ ಕತ್ತರಿ ಒಂದು, ಕೊಕ್ಕೆ ಎರಡು, ಮರಳುಚೀಲ ಆರು.
ಲೆಕ್ಕ ತಪ್ಪಿದರೆ ಎಲ್ಲ ಬಿಚ್ಚಿ ಮತ್ತೆ ಮೊದಲಿಂದ.
ಕೊನೆಗೆ ಕಾರ್ಡು. ತಾರೀಕು. ಮಡಚಿದವರ ಸಹಿ:
ಜಿ. ಟಿ. ಪಿಸೆ.

ಬಿಚ್ಚಿಕೊಳ್ಳಲಿ ಎಂದು ಮಡಚಬೇಕು,
ಬಿಚ್ಚದೆಯೇ ಇರಲಿ ಎಂದು ಕೈಮುಗಿಯಬೇಕು.
ಯಾರೂ ಮುಟ್ಟದ್ದನ್ನು, ಅವಧಿ ಮುಗಿಯಿತೆಂದು
ನಾವೇ ಬಿಚ್ಚಿ, ಗಾಳಿ ತೋರಿಸಿ, ಮತ್ತೆ ಮಡಚಬೇಕು.
ಇಪ್ಪತ್ತು ವರ್ಷ ಹೀಗೆ.
ಮೀಸೆ ಬಂದೂ ಬಾರದ ಹುಡುಗರು
ನನ್ನ ಮಡಿಕೆಗೆ ಬೆನ್ನು ಕೊಟ್ಟು ಹಾರಿದರು, ಇಳಿದರು, ಫೋಟೋ ಹಿಡಿಸಿಕೊಂಡರು,
ನನ್ನ ಮುಖ ನೋಡಲಿಲ್ಲ. ನೋಡಬೇಕಾಗಿ ಬರಲಿಲ್ಲ.

ಒಬ್ಬ ಬಂದ.
ಹದ್ದು ಬಡಿದು, ಎಂಜಿನ್ ನಿಂತು,
ಯಾರದೋ ತೊಗರಿ ಹೊಲಕ್ಕೆ ತೂಗುತ್ತ ಇಳಿದವನು.
ಕೊರಳಿಗೆ ಪಟ್ಟಿ, ಕೈಯಲ್ಲಿ ರಮ್ಮಿನ ಬಾಟಲಿ.
ಪಿಸೆ ನೀವೇನಾ ಎಂದು ಹಿಂದಿಯಲ್ಲಿ ಕೇಳಿ,
ಕಾಲಿಗೆರಗಲು ಹೋಗಿ, ಬೆನ್ನು ಬಗ್ಗದೆ
ನಿಂತಲ್ಲೇ ಅತ್ತ.
ನಾನೋ ಪಂಢರಪುರದ ಮಾಲೆ ಹಾಕಿದವನು, ಮುಟ್ಟುವುದಿಲ್ಲ.
ಬಾಟಲಿ ಇನ್ನೂ ಇದೆ ವಿಠೋಬನ ಪಟದ ಹಿಂದೆ.
ಹೆಂಡತಿ ಧೂಳು ಒರೆಸುತ್ತಾಳೆ, ಏನೂ ಕೇಳುವುದಿಲ್ಲ.

ಇನ್ನೊಬ್ಬ ಬರಲಿಲ್ಲ.
ಹಿಡಿ ಎಳೆಯಲೇ ಇಲ್ಲವಂತೆ.
ಕೆಳಗೆ ಊರಿತ್ತಂತೆ. ಅಲ್ಲ, ಹೊತ್ತೇ ಇರಲಿಲ್ಲವಂತೆ.
ಬರೀ ಅಂತೆಗಳೇ ಹನ್ನೊಂದು ಪುಟ.
ಮೂರು ದಿನ ನನ್ನ ಕಾರ್ಡು ಅವರ ಮೇಜಿನ ಮೇಲೆ,
ಮೂರು ದಿನ ನನ್ನ ತಟ್ಟೆಯ ಅನ್ನದಲ್ಲಿ
ಎಡಕ್ಕೆ ಹನ್ನೆರಡು, ಬಲಕ್ಕೆ ಹನ್ನೆರಡು.
ನಾಲ್ಕನೆಯ ದಿನ ಕರೆದು ಹೇಳಿದರು:
ಮಡಿಕೆಯಲ್ಲಿ ದೋಷವಿಲ್ಲ.
ಗೆದ್ದೆ ಅಂದುಕೊಂಡೆ.

ಹಾಗೆ ಅಂದುಕೊಂಡದ್ದನ್ನು
ಇಷ್ಟು ವರ್ಷವಾದರೂ ಮಡಚಿಡಲು ಆಗಿಲ್ಲ.

ಈಗಲೂ ಒಮ್ಮೊಮ್ಮೆ ತಿಪಟೂರು ದಿಕ್ಕಿಂದ ಸದ್ದು ಬರುತ್ತದೆ.
ಕಾಯಿ ಸುಲಿಯುವ ಹುಡುಗರು ಕತ್ತೆತ್ತಿ ಕೇಕೆ ಹಾಕುತ್ತಾರೆ.
ನಾನು ಎಣಿಸುತ್ತೇನೆ. ಎರಡು ಹೋದವು.
ಸಂಜೆ ಒಂದೇ ಹಿಂದಿರುಗಿದರೆ ದಬ್ಬಣ ನಿಲ್ಲುತ್ತದೆ.
ಇನ್ನೊಂದು ಬೇರೆ ದಾರಿ ಹಿಡಿದಿರುತ್ತದೆ.
ಗೊತ್ತು. ಆದರೂ.

ನಿನ್ನೆ ಬಾಣಾವರದ ಡ್ರೈವರ್ ಮುದ್ದೇಗೌಡ
ಟಾರ್ಪಾಲಿನ ಮೂಲೆ ನೋಡಿ ನಕ್ಕ:
‘ಏನ್ ಸಾಮಿ, ಇದಕ್ಕೂ ತಾರೀಕು, ಇದಕ್ಕೂ ಸೈನು?
ಬ್ಯಾಂಕಿಗೇನಾದ್ರೂ ಕೊಡಕಾಯ್ತದಾ?’
‘ಕಾಯಿ ನೆನೀಬಾರದಲ್ಲಪ್ಪ’ ಎಂದೆ.
ಲೋಡಿನ ಮೇಲೆ ಹೊದಿಸಿ, ಹಗ್ಗ ಬಿಗಿದು,
ಬೀಡಿ ಕಚ್ಚಿ, ಗಾಡಿ ಹತ್ತಿ, ಕೀಲಿ ತಿರುಗಿಸಿದ.

‘ತಾಳು ಮುದ್ದೇಗೌಡ, ನನ್ನ ಕತ್ತರಿ ಕಾಣ್ತಿಲ್ಲ.
ಎಲ್ಲಾ ಬಿಚ್ಚು.’